ಬಚ್ಚಲಲ್ಲಿ ಕತ್ತಲೆ ಅಲ್ವಾ?

ತಂಗಿ, ನಿನ್ನ ಮೆಸೇಜ್ ಎರಡು ಸಲ ಓದಿದೆ. ಜೆರುಸಲೇಮಿಗೆ ಬಂದು ಮೂರು ತಿಂಗಳಾಯಿತು, ಕೆಲಸಕ್ಕಿರುವ ಮನೆಯ ಅಜ್ಜಿಯ ಊಟ, ಮಾತ್ರೆ, ಸ್ನಾನ, ಮತ್ತೆ ಊಟ. ಸಂಬಳ ಊರಿಗೆ ಹೋಗುತ್ತಿದೆ, ಆದರೆ ನಾನು ಬದುಕುತ್ತಿದ್ದೇನಾ ಅಂತಲೇ ಗೊತ್ತಾಗುತ್ತಿಲ್ಲ, ನೀವು ಹನ್ನೆರಡು ವರ್ಷ ಹೇಗೆ ಕಳೆದಿರಿ ಅಕ್ಕಾ ಅಂತ ಕೇಳಿದ್ದೀಯ. ಮನೆಯವರು ಮಡಿವಂತ ಯಹೂದಿಗಳು, ಶಬ್ಬಾತ್ (ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗಿನ ಅವರ ವಿಶ್ರಾಂತಿಯ ದಿನ) ಬಂದರೆ ಉಸಿರು ಕಟ್ಟುತ್ತದೆ ಅಂತಲೂ ಬರೆದಿದ್ದೀಯ.

ಶಬ್ಬಾತಿನಿಂದಲೇ ಶುರು ಮಾಡುತ್ತೇನೆ. ಈಗಿನ ಮನೆಯಲ್ಲಿ ನನ್ನ ಮೊದಲ ಶುಕ್ರವಾರ ರಾತ್ರಿ ಬಚ್ಚಲಿನ ದೀಪ ಸುಮ್ನೆ ಉರಿಯುತ್ತಿತ್ತು. ಮೂಡಬಿದ್ರೆಯ ಅಭ್ಯಾಸ, ಕರೆಂಟು ಬಿಲ್ಲಿನ ಭಯ. ಆರಿಸಿಬಿಟ್ಟೆ. ಸ್ವಲ್ಪ ಹೊತ್ತಿಗೆ ಸಾವ್ತಾ (ಹೀಬ್ರೂವಿನಲ್ಲಿ ಅಜ್ಜಿ ಅಂತ; ನಾನು ನೋಡಿಕೊಳ್ಳುವ ಅಜ್ಜಿಯನ್ನು ನಾನೂ ಹಾಗೇ ಕರೆಯುವುದು) ಬಂದು "ಬಚ್ಚಲಲ್ಲಿ ಕತ್ತಲೆ ಅಲ್ವಾ" ಅಂದರು. "ಹೌದು, ಕತ್ತಲೆ" ಅಂದು ಹೋಗಿ ಮಲಗಿದೆ. ಪಾಪ, ರಾತ್ರಿಯೆಲ್ಲ ಗೋಡೆ ತಡವಿಕೊಂಡೇ ಹೋಗಿಬಂದರು. ಶಬ್ಬಾತಿನಲ್ಲಿ ಅವರು ತಾವೇ ದೀಪ ಹಾಕುವ ಹಾಗಿಲ್ಲ, ನನಗೆ ಹಾಕು ಅಂತ ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ, ಸೂಚನೆ ಕೊಡಬಹುದು ಅಷ್ಟೇ. ಈಗ ಆ ಭಾಷೆ ನನಗೆ ಚೆನ್ನಾಗಿ ಬರುತ್ತದೆ. "ಇವತ್ತು ಸೆಖೆ ಜಾಸ್ತಿ" ಅಂದರೆ ಎ.ಸಿ.

ಶಬ್ಬಾತಿನಲ್ಲಿ ಮಾಡಬಾರದ ಕೆಲಸ 39 ಬಗೆ. ಮೈ ನೋಯುವ ಕೆಲಸ ಅಂತಲ್ಲ, ಹೊಸದಾಗಿ ಏನನ್ನಾದರೂ ಉಂಟುಮಾಡುವ ಕೆಲಸ. ಎರಡು ಅಕ್ಷರ ಬರೆದರೂ ಲೆಕ್ಕಕ್ಕೆ ಬಂತು, ಎರಡು ಹೊಲಿಗೆ ಹಾಕಿದರೂ ಬಂತು. ಸಾವ್ತಾ ಬ್ರೆಡ್ಡಿನ ಮೇಲೆ ಮುಚ್ಚುವ ಬಟ್ಟೆಗೆ ಕಸೂತಿ ಹಾಕುತ್ತಾರೆ. ಶುಕ್ರವಾರ ಸಂಜೆ ಶಬ್ಬಾತ್ ಬಂತು ಅಂತ ಊರಿಗೆಲ್ಲ ಕೇಳುವ ಆ ಸೈರನ್ ಕೂಗಿತೋ, ಅರ್ಧ ಎಸಳಿಗೆ ಸೂಜಿ ಚುಚ್ಚಿಟ್ಟು ಏಳುತ್ತಾರೆ. ಇನ್ನೆರಡು ಹೊಲಿಗೆಗೆ ಎಸಳು ಮುಗಿಯುತ್ತಿತ್ತು ಅಂತ ನನಗೆ ಕೈ ತುರಿಸುತ್ತದೆ. ಶನಿವಾರ ಮೂರು ನಕ್ಷತ್ರ ಕಂಡ ಮೇಲೆ ಶಬ್ಬಾತನ್ನು ಬೀಳ್ಕೊಡಲು ದ್ರಾಕ್ಷಾರಸ, ಹೆಣೆದ ಮೇಣದಬತ್ತಿ, ಮೂಸಲು ನಾನು ಊರಿಂದ ತಂದ ಲವಂಗ. ಅದಾದ ಮೇಲೇ ಆ ಸೂಜಿ ಮತ್ತೆ ಕೈಗೆ.

ಓದೂ ಹಾಗೇ. ತೋರಾವನ್ನು (ಬೈಬಲಿನ ಮೊದಲ ಐದು ಪುಸ್ತಕ) 54 ಭಾಗ ಮಾಡಿಕೊಂಡು ವರ್ಷದಲ್ಲಿ ಓದಿ ಮುಗಿಸುತ್ತಾರೆ, ಮುಗಿದ ದಿನವೇ ಮತ್ತೆ ಮೊದಲಿನಿಂದ ಶುರು. ಸಾವ್ತಾರ ಮಗ ತಾಲ್ಮೂದನ್ನು (ಯಹೂದಿ ಧರ್ಮನಿಯಮಗಳ ಚರ್ಚೆಯ ದೊಡ್ಡ ಗ್ರಂಥ) ದಿನಕ್ಕೆ ಒಂದೇ ಹಾಳೆಯಂತೆ ಓದುತ್ತಾರೆ, ಬಸ್ಸಿನಲ್ಲಿ, ಹಲ್ಲಿನ ಡಾಕ್ಟರ ಹತ್ತಿರ ಕಾಯುತ್ತಾ. ಒಟ್ಟು 2,711 ಹಾಳೆ, ಏಳೂವರೆ ವರ್ಷ. 1923ರಲ್ಲಿ ಶುರುವಾದ ಪದ್ಧತಿಯಂತೆ. ಈಗಿನದು 14ನೇ ಸುತ್ತು, 2020ರ ಜನವರಿಯಲ್ಲಿ ಹೊರಟದ್ದು. ಪುಸ್ತಕ ಕೆಳಗೆ ಬಿದ್ದರೆ ಎತ್ತಿ ಮುತ್ತಿಡುತ್ತಾರೆ. ನಾವು ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವುದಿಲ್ಲವಾ, ಅದೇ.

ವಾರದ ಭಾಗವನ್ನು ಸಾವ್ತಾ ಹೀಬ್ರೂವಿನಲ್ಲಿ ಓದುವಾಗ ನಾನು ಕನ್ನಡ ಬೈಬಲ್ ಹಿಡಿದು ಪಕ್ಕದಲ್ಲಿ ಕೂರುತ್ತೇನೆ. ದೀಪಾವಳಿ ಆಸುಪಾಸಿನಲ್ಲಿ ಅಬ್ರಹಾಮ ಹೊರಡುವ ಭಾಗ ಬರುತ್ತದೆ. ದೇಶ ಬಿಡು, ಬಂಧುಗಳನ್ನು ಬಿಡು, ಅಪ್ಪನ ಮನೆ ಬಿಡು ಅನ್ನುತ್ತಾನೆ ದೇವರು. ಒಂದು ಸಲ ಸಾವ್ತಾ ಕೇಳಿದರು: "ಹೊರಡುವವನು ಮೊದಲು ಬಿಡುವುದು ಮನೆ, ಆಮೇಲೆ ದೇಶ. ಇಲ್ಲಿ ಉಲ್ಟಾ ಯಾಕಿದೆ?" ನಾನು ಹೇಳಿದೆ, "ವಿಮಾನ ಹತ್ತಿದಾಗಲೇ ನಾನು ದೇಶ ಬಿಟ್ಟೆ ಸಾವ್ತಾ. ಅಪ್ಪನ ಮನೆ ಇನ್ನೂ ಬಿಟ್ಟಿಲ್ಲ." ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಅವರೂ ಹುಡುಗಿಯಾಗಿದ್ದಾಗ ಬಗ್ದಾದಿನಿಂದ ಬಂದವರು.

ಆ ರಾತ್ರಿಯಿಂದ ನಾನೂ ದಿನಕ್ಕೊಂದು ಪುಟ ಬರೆಯುತ್ತೇನೆ, ಒಂಬತ್ತು ಗಂಟೆಯ ಮಾತ್ರೆ ಕೊಟ್ಟ ಮೇಲೆ, ಕನ್ನಡದಲ್ಲಿ. ಸಾವ್ತಾ ಹೇಳಿದ ಬಗ್ದಾದಿನ ಅಡುಗೆ, ತರಕಾರಿಯವನ ಜಗಳ, ಅಮ್ಮನಿಗೆ ಫೋನಲ್ಲಿ ಹೇಳದೆ ಉಳಿದದ್ದು. ಚೆಂದ ಬರಲಿ ಅಂತ ಕಾಯುವುದಿಲ್ಲ. ಶುಕ್ರವಾರ ರಾತ್ರಿ ಮಾತ್ರ ಬರೆಯುವುದಿಲ್ಲ. ನನಗೇನೂ ನಿಷೇಧವಿಲ್ಲ, ಆದರೂ ಬಿಡುತ್ತೇನೆ. ಶನಿವಾರ ರಾತ್ರಿ ಪೆನ್ನು ಓಡುವ ವೇಗ ನೋಡಬೇಕು ನೀನು!

ಇದಕ್ಕೆ ನೀನು ಯಹೂದಿಯಾಗಬೇಕಿಲ್ಲ. ಆಗು ಅಂತ ಅವರೂ ಕೇಳುವುದಿಲ್ಲ. ನಾನು ಇವತ್ತಿಗೂ ಪೂಜೆಗೆ ಇಗರ್ಜಿಗೇ ಹೋಗುವವಳು. ಇನ್ನೊಂದು ಮಾತು. ನನ್ನ ಮೊದಲ ಮನೆಯಲ್ಲಿ ವಾರದ ರಜೆಯನ್ನೇ ಕೊಡುತ್ತಿರಲಿಲ್ಲ. ಅದಕ್ಕೆ ಓದು, ಪ್ರಾರ್ಥನೆ ಮದ್ದಲ್ಲ. ಕೇಳಿ ತೆಗೆದುಕೊಳ್ಳಬೇಕು, ಕೊಡದಿದ್ದರೆ ಮನೆ ಬದಲಿಸಬೇಕು. ನಾನು ಬದಲಿಸಿದೆ.

ನಿನ್ನ ರಜೆಯೂ ಭಾನುವಾರ ಅಲ್ವಾ? 2023ರಲ್ಲಿ ಪಾರ್ಲಿಮೆಂಟಿನ ಎದುರು ನ್ಯಾಷನಲ್ ಲೈಬ್ರರಿಯ ಹೊಸ ಕಟ್ಟಡ ತೆರೆದಿದೆ. ಓದುವ ಕೋಣೆ ನಮ್ಮೂರ ದೊಡ್ಡ ಬಾವಿಯ ಹಾಗೆ ದುಂಡಗೆ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಹತ್ತು ಗಂಟೆಗೆ ಬಾಗಿಲಲ್ಲಿರುತ್ತೇನೆ, ಒಂದು ನೋಟ್‌ಬುಕ್ ತಾ. ಹಾಂ, ಶುಕ್ರವಾರ ಕತ್ತಲಾಗುವ ಮೊದಲು ಫ್ರಿಜ್ಜಿನ ಒಳಗಿನ ಬಲ್ಬಿನ ಸ್ವಿಚ್ಚಿಗೆ ಟೇಪ್ ಹಚ್ಚಲು ಮರೆಯಬೇಡ. ಇಲ್ಲದಿದ್ದರೆ ಬಾಗಿಲು ತೆರೆದ ಕೂಡಲೇ ದೀಪ ಹತ್ತುತ್ತದೆ, ತೆರೆಯುವ ಹಾಗಿಲ್ಲದೆ ಅಜ್ಜಿಗೆ ಇಡೀ ಶನಿವಾರ ಮೊಸರಿಲ್ಲ.