ಅನುಮಾನ ಇರೋನ ಫೋಟೊ ಹಾಕಬಹುದಾ?
ಡೊಂಬಿವಲಿ ಸರ್, ಎರಡು ವರ್ಷವಾದರೂ ಪತ್ತೆಯಾಗದ ಕಾಲೇಜು ಹುಡುಗಿಯ ಕೊಲೆ, ನೀವು ನಾಲ್ವರು ಗೆಳೆಯರಿಗೆ ಒಬ್ಬನ ಮೇಲೆ ಅನುಮಾನ, ಅವನ ಫೋಟೊ ಇಂಟರ್ನೆಟ್‌ನಲ್ಲಿ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ.

2013ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಬಾಂಬ್ ಸ್ಫೋಟವಾದ ನಂತರ ರೆಡ್ಡಿಟ್ ಅನ್ನೋ ಚರ್ಚೆಯ ವೆಬ್‌ಸೈಟಿನಲ್ಲಿ ಜನ, ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯೇ ಅಪರಾಧಿ ಅಂದುಬಿಟ್ಟರು. ಆ ಹುಡುಗ ಆಗಲೇ ತೀರಿಕೊಂಡಿದ್ದ. ಅವನನ್ನು ಹುಡುಕುತ್ತಿದ್ದ ಮನೆಯವರಿಗೆ ಬೈಗುಳದ ಫೋನ್‌ಗಳು.

ಇಲ್ಲಿ ಪುಣೆಯ ನಮ್ಮ ಗಲ್ಲಿಯಲ್ಲೂ ಒಮ್ಮೆ ಹೀಗೇ ಆಯಿತು. ಒಂದು ಘಟನೆಯ ಸಿಸಿಟಿವಿಯ ಮಸುಕು ಚಿತ್ರದಲ್ಲಿ ನೀಲಿ ರೇನ್‌ಕೋಟ್ ಕಂಡಿತು. ಊಟದ ಡಬ್ಬಾ ಕೊಡುವ ಹುಡುಗನ ಹತ್ತಿರವೂ ಅಂಥದ್ದೇ ಇತ್ತು. ಅಷ್ಟಕ್ಕೇ ಕೆಲಸ ಹೋಯಿತು. ಅವನಮ್ಮ ರೇನ್‌ಕೋಟ್ ಮತ್ತು ಅಂಗಡಿ ಚೀಟಿ ಹಿಡಿದು ಮನೆಮನೆಗೆ ಬಂದರು. ಕೊಂಡ ತಾರೀಖು ಘಟನೆಯ ಮರುವಾರದ್ದು. ಆ ಚೀಟಿ ಇನ್ನೂ ನನ್ನ ಕಣ್ಣ ಮುಂದಿದೆ.

ನಿಮ್ಮ ಹತ್ತಿರ ಇರುವ ಫೋಟೊದ ಮೂಲ ಫೈಲ್ ಮುಟ್ಟದೆ ಇಡಿ. ಸುಮ್ನೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರೆ ತೆಗೆದ ಸಮಯದ ವಿವರ ಅಳಿಸಿಹೋಗುತ್ತೆ. ತನಿಖಾಧಿಕಾರಿಗೆ ಬರೆದುಕೊಟ್ಟು ಸ್ವೀಕೃತಿ ತಗೊಳ್ಳಿ. ಕೊಲೆ ಕೇಸಿಗೆ ಕಾಲಮಿತಿ ಇಲ್ಲ. ತನಿಖೆ ಬೇರೆಯವರಿಗೆ ಒಪ್ಪಿಸಿ ಅಂತ ಹುಡುಗಿಯ ತಂದೆತಾಯಿ ಬಾಂಬೆ ಹೈಕೋರ್ಟನ್ನು ಕೇಳಬಹುದು. ಅವರನ್ನು ಒಂದು ಮಾತು ಕೇಳಿದಿರಾ?