ಐವತ್ತು ಸಾವಿರದಲ್ಲಿ ಬೆಲ್ಲದ ವ್ಯಾಪಾರ: ಜಾಹೀರಾತಿಗೆ ಎಷ್ಟು ಎತ್ತಿಡಬೇಕು?

ಪಾಂಡವಪುರದ ಕಡೆ ಸೋದರಮಾವನ ಆಲೆಮನೆ ಇದೆ, ಕೈಯಲ್ಲಿ ಐವತ್ತು ಸಾವಿರ ರೂಪಾಯಿ ಇದೆ, ಹೆದ್ದಾರಿ ಬದಿಯಲ್ಲಿ ಅಂಗಡಿ ಹಾಕಲೇ ಅಥವಾ ಫೇಸ್‌ಬುಕ್ ಜಾಹೀರಾತಿಗೆ ಹಣ ಹಾಕಲೇ, ಈ ಆಷಾಢದಲ್ಲೇ ಶುರು ಮಾಡಲೇ ಎಂದು ಕೇಳಿದ್ದೀರಿ. ನಾನು ಮಂಡ್ಯದಲ್ಲಿದ್ದುಕೊಂಡು ಅಚ್ಚು ಬೆಲ್ಲ ಮತ್ತು ಬೆಲ್ಲದ ಪುಡಿಯನ್ನು ಮಂಡ್ಯ, ಮೈಸೂರಿನ ಮನೆಗಳಿಗೆ ಮಾರುವವಳು. ನನ್ನ ಮಟ್ಟಿಗೆ ಎರಡೂ ಬೇಡ. ಇಷ್ಟು ಸಣ್ಣ ಬಂಡವಾಳ ಇರುವಾಗ ಹೊಸ ಗಿರಾಕಿಯನ್ನು ದುಡ್ಡು ಕೊಟ್ಟು ಕರೆತರುವ ಯೋಚನೆ ಬಿಟ್ಟು, ಒಮ್ಮೆ ಕೊಂಡವರು ಮತ್ತೆ ಕೊಳ್ಳುವಂತೆ ಮಾಡುವುದರ ಮೇಲೆ ಮನಸ್ಸಿಡಿ.

ಅಂಗಡಿಯ ಮಾತು ಬೇಗ ಮುಗಿಯುತ್ತದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ದೂರದ ಕಾರುಗಳು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಹೊರಗಿನಿಂದಲೇ ಹೋಗಿಬಿಡುತ್ತವೆ. ಹಳೆಯ ರಸ್ತೆಯ ವ್ಯಾಪಾರವನ್ನು ನಂಬಿ ಮುಂಗಡ, ಬಾಡಿಗೆ ಕಟ್ಟುವ ಕಾಲ ಇದಲ್ಲ. ದಾರಿಹೋಕರು ನಿಂತು ಕೊಂಡರೂ ಮತ್ತೆ ಯಾವಾಗ ಬರುತ್ತಾರೆ ಎಂದು ಹೇಳಲಾಗದು. ಕಿರಾಣಿ ಅಂಗಡಿಗಳಿಗೆ ಉದ್ದರಿ ಹಾಕುವುದೂ ಈಗಲೇ ಬೇಡ. ಹತ್ತು ಅಂಗಡಿಗೆ ನಾಲ್ಕು ನಾಲ್ಕು ಸಾವಿರದ ಮಾಲು ಇಟ್ಟರೆ ನಲವತ್ತು ಸಾವಿರ ಅಲ್ಲೇ ಕುಳಿತಿರುತ್ತದೆ. ಮಾವನಿಗೆ ಮುಂದಿನ ಸಲ ಏನು ಕೊಡುತ್ತೀರಿ?

ಇನ್ನು ಜಾಹೀರಾತು. ಒಂದು ಲೆಕ್ಕ ಹಾಕಿ ನೋಡಿ. ಫೇಸ್‌ಬುಕ್‌ನಿಂದ ಬಂದ ಒಬ್ಬ ಗಿರಾಕಿಗೆ 80 ರೂಪಾಯಿ ಖರ್ಚಾಯಿತು, ಕಿಲೋಗೆ ನಿಮಗೆ ಉಳಿಯುವುದು 25 ರೂಪಾಯಿ ಎಂದುಕೊಳ್ಳಿ. ಅವರು ನಾಲ್ಕನೆಯ ಕಿಲೋ ಕೊಂಡಾಗ ಮಾತ್ರ ನಿಮ್ಮ ಹಣ ಹುಟ್ಟುತ್ತದೆ. ಅವರು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇದ್ದರೆ ಕೊರಿಯರ್ ಖರ್ಚೇ ಲಾಭವನ್ನು ನುಂಗುತ್ತದೆ, ಏಕೆಂದರೆ ಬೆಲ್ಲ ತೂಕದ ಸರಕು. ಆದ್ದರಿಂದ ನೀವೇ ಸ್ಕೂಟರಿನಲ್ಲಿ ಮುಟ್ಟಿಸಬಹುದಾದ ಒಂದೆರಡು ಬಡಾವಣೆಗಳನ್ನು ಆರಿಸಿಕೊಳ್ಳಿ. ಮೈಸೂರಿನ ಕುವೆಂಪುನಗರ ಮತ್ತು ಸರಸ್ವತಿಪುರಂ ಎಂದು ಹಿಡಿದರೆ ಆರು ತಿಂಗಳು ಬೇರೆಡೆ ಕಣ್ಣು ಹಾಯಿಸಬೇಡಿ. ಒಂದೇ ಬೀದಿಯಲ್ಲಿ ಐದು ಮನೆ ಸಿಕ್ಕರೆ ಪೆಟ್ರೋಲಿನ ಖರ್ಚು ಐದು ಪಾಲಾಗುತ್ತದೆ, ಆ ಐದು ಮನೆಯವರು ಒಬ್ಬರಿಗೊಬ್ಬರು ಹೇಳಿಯೂ ಹೇಳುತ್ತಾರೆ.

ಮೊದಲ ಸಲ ಬಾಗಿಲು ತಟ್ಟಿದಾಗ ನಿಮಗೆ ಎದುರಾಗುವುದು ಬಣ್ಣದ ಪ್ರಶ್ನೆ. ಪೇಟೆಯಲ್ಲಿ ಹಳದಿ ಬೆಲ್ಲ ನೋಡಿ ಕಣ್ಣು ಒಗ್ಗಿಹೋಗಿದೆ. ಬಣ್ಣ ತಿಳಿಯಾಗಲೆಂದು ಬೆರೆಸುವ ರಾಸಾಯನಿಕ ಹೈಡ್ರೋಸ್; ಅದನ್ನು ಹಾಕದ ಬೆಲ್ಲ ಕಂದು ಬಣ್ಣದ್ದು, ಕೆಲವು ಸಲ ಕಪ್ಪಿಗೆ ಹತ್ತಿರ. ಪೊಟ್ಟಣ ಬಿಚ್ಚಿದವರು “ಇದೇನು, ಹಳೆಯ ಬೆಲ್ಲವೇ?” ಎಂದು ಕೇಳಿಯೇ ಕೇಳುತ್ತಾರೆ. ಅಲ್ಲಿ ನೀವು ಕೊಡುವ ಉತ್ತರವೇ ನಿಮ್ಮ ಪ್ರಚಾರ. ಆಲೆಮನೆಗೆ ಹೋಗಿ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದನ್ನು, ಬೆಂಡೆಯ ಲೋಳೆ ಬಿಟ್ಟು ಮಡ್ಡಿ ಎತ್ತುವುದನ್ನು, ಪಾಕ ಹದಕ್ಕೆ ಬಂದು ಅಚ್ಚಿಗೆ ಬೀಳುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ಒಂದು ನಿಮಿಷ ಸಾಕು, ಹಿನ್ನೆಲೆ ಸಂಗೀತ ಬೇಡ, ಮಾವನವರೇ ಮಾತನಾಡಲಿ. ಮನೆಯವರ ಎದುರಿಗೇ ಅಚ್ಚು ಒಡೆದು ಒಂದು ಚೂರು ಬಾಯಿಗೆ ಹಾಕಿಕೊಳ್ಳಲು ಕೊಡಿ. ಆದರೆ ಮಾವ ಹೈಡ್ರೋಸ್ ಬಳಸುವುದಿಲ್ಲ ಎಂಬುದನ್ನು ನೀವು ಅಲ್ಲೇ ನಿಂತು ನೋಡಿರಬೇಕು. ನೆಂಟಸ್ತಿಕೆಯ ಮುಲಾಜಿಗೆ ಇದನ್ನು ಕೇಳದೆ ಬಿಡಬೇಡಿ, ಇಡೀ ವ್ಯಾಪಾರ ನಿಂತಿರುವುದು ಈ ಒಂದು ಮಾತಿನ ಮೇಲೆ.

ಲೇಬಲ್ ಮೇಲೆ “ಸಾವಯವ” ಎಂದು ಮಾತ್ರ ಸುಮ್ಮನೆ ಅಚ್ಚು ಹಾಕಿಸಬೇಡಿ. ಆ ಪದಕ್ಕೆ ಪ್ರಮಾಣೀಕರಣದ ನಿಯಮಗಳಿವೆ. ಕಬ್ಬು ಬೆಳೆದ ಗದ್ದೆಯಿಂದಲೇ ಅದರ ಲೆಕ್ಕ ಶುರುವಾಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ, 14 ಅಂಕಿಯ ಸಂಖ್ಯೆಯನ್ನು ಲೇಬಲ್ ಮೇಲೆ ಹಾಕಿ. ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಾದ ದಿನಾಂಕ, ಎಷ್ಟು ಕಾಲ ಬಳಸಬಹುದು ಎಂಬುದು, ವಿಳಾಸ, ಹಸಿರು ಚುಕ್ಕೆ ಇರಲಿ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿಗೆ ಸರ್ಕಾರ ಯಾವ ಶುಲ್ಕವನ್ನೂ ಪಡೆಯುವುದಿಲ್ಲ. ಹಣ ಕೇಳುವ ಜಾಲತಾಣ ಕಂಡರೆ ಅಲ್ಲಿಂದ ಎದ್ದುಬನ್ನಿ. ಯುಪಿಐಯಲ್ಲಿ ಬಂದ ಹಣವನ್ನು ಮೊದಲ ದಿನದಿಂದಲೇ ಪುಸ್ತಕಕ್ಕೆ ಹತ್ತಿಸಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕದ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದಾಗ, ಲೆಕ್ಕ ಬರೆದಿಟ್ಟುಕೊಂಡವರಿಗೆ ಉತ್ತರ ಕೊಡುವುದು ಸುಲಭವಾಗಿತ್ತು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ: ಗಿರಾಕಿಗಳ ಪುಸ್ತಕ. ಉದ್ದನೆಯ ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿ ಮನೆಗೆ ಒಂದು ಸಾಲು ಬರೆಯಿರಿ. ಹೆಸರು, ಬೀದಿ, ಕೊಟ್ಟ ದಿನ, ಎಷ್ಟು ಕೊಟ್ಟಿರಿ ಎಂಬುದರ ಜೊತೆಗೆ ಬೆಲ್ಲ ಯಾವುದಕ್ಕೆ ಬಳಸುತ್ತಾರೆ ಎಂದು ಬರೆಯುವುದನ್ನು ಮರೆಯಬೇಡಿ. ನನ್ನ ಪುಸ್ತಕದಲ್ಲಿ ಒಂದು ಸಾಲು ಹೀಗಿದೆ: “ಕಾಫಿಗೆ. ಇಬ್ಬರೇ. ಪುಡಿ ಬೇಡ, ಸಣ್ಣ ಅಚ್ಚು. ಬೆಳಿಗ್ಗೆ ಹತ್ತರ ಮೇಲೆ ಹೋಗಬೇಕು.” ಸಾರಿಗೆ ಮಾತ್ರ ಚಿಟಿಕೆ ಹಾಕುವ ಮನೆಗೆ ಒಂದು ಕಿಲೋ ಎರಡು ತಿಂಗಳು ಬಂದೀತು, ಮೂರು ಹೊತ್ತು ಬೆಲ್ಲದ ಕಾಫಿ ಕುಡಿಯುವ ಮನೆಯಲ್ಲಿ ಅದು ಬೇಗ ಕರಗುತ್ತದೆ. ಇದು ಗೊತ್ತಾದರೆ ಬೆಲ್ಲ ಯಾವಾಗ ಮುಗಿಯುತ್ತದೆ ಎಂಬ ಅಂದಾಜು ನಿಮಗೇ ಸಿಗುತ್ತದೆ. ಮುಗಿಯುವ ನಾಲ್ಕು ದಿನ ಮೊದಲು ಒಂದು ಸಂದೇಶ ಕಳುಹಿಸಿ: “ಅಮ್ಮಾ, ಶನಿವಾರ ನಿಮ್ಮ ಬೀದಿಗೆ ಬರುತ್ತಿದ್ದೇನೆ. ಬೆಲ್ಲ ಮುಗಿಯುತ್ತಾ ಬಂದಿರಬೇಕು, ಒಂದು ಕಿಲೋ ತರಲೇ?” ಬೇಡ ಎಂದರೆ ಮತ್ತೆ ಒತ್ತಾಯಿಸಬೇಡಿ, ಏಕೆ ಬೇಡ ಎಂದು ಒಮ್ಮೆ ವಿನಯದಿಂದ ಕೇಳಿ ಬರೆದುಕೊಳ್ಳಿ. ತಿಂಗಳ ಕೊನೆಯಲ್ಲಿ ಎಷ್ಟು ಹೊಸ ಮನೆ ಬಂದವು ಎಂದು ಎಣಿಸುವುದಕ್ಕೆ ಮೊದಲು ಎಷ್ಟು ಮನೆಗಳು ಎರಡನೆಯ ಸಲ ಕೊಂಡವು ಎಂದು ಎಣಿಸಿ. ಆ ಸಂಖ್ಯೆ ಏರದಿದ್ದರೆ ತೊಂದರೆ ಬೆಲ್ಲದಲ್ಲೋ ಬೆಲೆಯಲ್ಲೋ ಇರುತ್ತದೆ, ಯಾವ ಜಾಹೀರಾತೂ ಅದನ್ನು ಸರಿಪಡಿಸದು.

ವಾಟ್ಸ್‌ಆ್ಯಪ್ ಬಿಸಿನೆಸ್ ಉಚಿತ, ಅದನ್ನೇ ಬಳಸಿ. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳುಹಿಸುವ ಬ್ರಾಡ್‌ಕಾಸ್ಟ್ ಪಟ್ಟಿ ಅದರಲ್ಲಿದೆ; ಆ ಸಂದೇಶ ನಿಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ, ಆದ್ದರಿಂದ ಬೆಲ್ಲ ಕೊಡುವಾಗಲೇ ಎದುರಿಗೆ ನಿಂತು ಸಂಖ್ಯೆ ಉಳಿಸಿಕೊಳ್ಳಲು ಹೇಳಿ. ಗೂಗಲ್ ನಕ್ಷೆಯಲ್ಲಿಯೂ ಹೆಸರು ನೋಂದಾಯಿಸಿ, ಅದಕ್ಕೂ ಹಣವಿಲ್ಲ. ಚೆನ್ನಾಗಿದೆ ಎಂದ ಗಿರಾಕಿಗಳನ್ನು ಅಲ್ಲಿ ಎರಡು ಸಾಲು ಬರೆಯಲು ಕೇಳಿಕೊಳ್ಳಿ.

ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆ, ಪಿಎಂಎಫ್‌ಎಂಇ, 2020ರಲ್ಲಿ ಬಂದದ್ದು. ಅದರಲ್ಲಿ ಜಿಲ್ಲೆಗೊಂದು ಉತ್ಪನ್ನ ಎಂದು ಆರಿಸಿದಾಗ ಮಂಡ್ಯಕ್ಕೆ ಬಂದದ್ದು ಬೆಲ್ಲ. ಸಾಲಕ್ಕೆ ಜೋಡಿಸಿದ ಸಹಾಯಧನ ಅದು. ಪುಡಿ ಮಾಡುವ, ಒಣಗಿಸುವ ಯಂತ್ರ ಬೇಕು ಎನ್ನಿಸುವಷ್ಟು ಗಿರಾಕಿಗಳಾದ ಮೇಲೆ ಅದು ಇನ್ನೂ ಜಾರಿಯಲ್ಲಿದೆಯೇ ಎಂದು ಕೃಷಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಸಹಾಯಧನ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಈಗಲೇ ಸಾಲಕ್ಕೆ ಬೀಳುವುದು ನನಗಂತೂ ಸರಿ ಕಾಣುವುದಿಲ್ಲ.

ಆಷಾಢದಲ್ಲಿ ಶುರು ಮಾಡಬೇಡಿ. ಮಳೆಗಾಲದ ತೇವಕ್ಕೆ ಬೆಲ್ಲ ನೀರೊಡೆಯುತ್ತದೆ, ಪುಡಿ ಗಂಟು ಕಟ್ಟುತ್ತದೆ. ಮೊದಲ ಪೊಟ್ಟಣವೇ ಹಾಗಾದರೆ ಆ ಮನೆ ಮತ್ತೆ ಸಿಗದು. ಈ ಮೂರು ನಾಲ್ಕು ತಿಂಗಳಲ್ಲಿ ನೋಂದಣಿ, ಲೇಬಲ್, ಮುದ್ರೆ ಹಾಕಿಸಿದ ತಕ್ಕಡಿ, ಗಾಳಿಯಾಡದ ಪೊಟ್ಟಣ ಸಿದ್ಧ ಮಾಡಿಕೊಳ್ಳಿ. ದೀಪಾವಳಿ ಕಳೆದ ಮೇಲೆ ಹದಿನೈದು ಸಾವಿರದಷ್ಟು ಬೆಲ್ಲ ಮಾತ್ರ ಎತ್ತಿ, ಮನೆಗಳಿಗೆ ಹೋಗಿ. ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ಕತ್ತರಿಸಿದರೆ ಪುಡಿಯಾಗದ ಗಟ್ಟಿ ಬೆಲ್ಲವೇ ಬೇಕು, ಅದಕ್ಕೆ ಪಾಕದ ಹದ ಬೇರೆ. ಡಿಸೆಂಬರ್ ಮೊದಲ ವಾರದಲ್ಲೇ ಪುಸ್ತಕ ನೋಡಿಕೊಂಡು ಮನೆ ಮನೆಗೆ ಎಷ್ಟು ಬೇಕೆಂದು ಕೇಳಿ, ಮಾವನವರಿಗೆ ಅಷ್ಟಕ್ಕೆ ಮಾತ್ರ ಮುಂಗಡ ಕೊಡಿ.