ತಾಮ್ರದ ಚಿಟ್ಟೆಯ ಹುಳುವಿಗೆ ಚಳಿ ಬೇಕು

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಸೆಪ್ಟೆಂಬರ್‌ನಲ್ಲಿ ಹಿತ್ತಿಲ ಕುಂಡದ ಸಾರೆಲ್ (ಹುಳಿ ರುಚಿಯ ಸೊಪ್ಪು) ಗಿಡದ ಮೇಲೆ ‘ಸ್ಮಾಲ್ ಕಾಪರ್’ ಚಿಟ್ಟೆ ಮೊಟ್ಟೆ ಇಟ್ಟಿತು. ಮಗಳಿಗೆ ಭಾರಿ ಖುಷಿ. ಆಮೇಲೆ ಎಲೆಗಳಲ್ಲಿ ಅಲ್ಲಲ್ಲಿ ಬಿಳಿ ಕಲೆ ಬಿದ್ದವು. ಈಗ ನವೆಂಬರ್. ಕಾಣುತ್ತಿರುವುದು ಒಂದೇ ಹುಳು, ಅದೂ ಏನೂ ತಿನ್ನದೆ ಸುಮ್ನೆ ಬಿದ್ದುಕೊಂಡಿದೆ. ಮನೆಯೊಳಗೆ ಬೆಚ್ಚಗೆ ಇಡಬೇಕಾ? ಡಿಸೆಂಬರ್‌ನಲ್ಲಿ ಒಂದು ತಿಂಗಳು ಧಾರವಾಡಕ್ಕೆ ಬರುತ್ತೇವೆ. ಆಗ ನೋಡಿಕೊಳ್ಳೋರು ಯಾರು?
— ಓದುಗರೊಬ್ಬರು, ರೆಡಿಂಗ್

ಉತ್ತರ: ದಯವಿಟ್ಟು ಒಳಗೆ ತರಬೇಡಿ. ಹುಳುವಿಗೆ ಏನೂ ಆಗಿಲ್ಲ. ಅಲ್ಲಿನ ಈ ಚಿಟ್ಟೆ ಚಳಿಗಾಲ ಕಳೆಯುವುದೇ ಹುಳುವಾಗಿ. ಚಳಿ ಬಂತೆಂದರೆ ಮೇಯುವುದನ್ನು ನಿಲ್ಲಿಸಿ ಎಲೆಗೋ ದಂಟಿಗೋ ಅಂಟಿಕೊಂಡು ಕೂತುಬಿಡುತ್ತದೆ. ಹೀಟರ್ ಇರುವ ಕೋಣೆಗೆ ತಂದರೆ ಅದು ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚರಾಗುತ್ತದೆ. ಹೂವೂ ಇಲ್ಲದ, ಜೊತೆಗಾರ ಚಿಟ್ಟೆಯೂ ಇಲ್ಲದ ಜನವರಿಯಲ್ಲಿ ರೆಕ್ಕೆ ಬಂದು ಏನು ಮಾಡೀತು?

ಇನ್ನು ಆ ಬಿಳಿ ಕಲೆ. ಅದು ರೋಗ ಅಲ್ಲ. ನಾನು ಮಗಳ ಮನೆಗೆ ಹೋದಾಗಲೆಲ್ಲ ಅವಳ ತೋಟದಲ್ಲಿ ಮೊದಲು ಹುಡುಕುವುದೇ ಅದನ್ನು. ಮೊಟ್ಟೆ ಇರುವುದು ಎಲೆಯ ಮೇಲ್ಭಾಗದಲ್ಲಿ, ಸಾಮಾನ್ಯವಾಗಿ ನಡುನರದ ಹತ್ತಿರ. ಲೆನ್ಸ್ ಹಿಡಿದರೆ ಜೇನುಹಲ್ಲೆಯ ಹಾಗೆ ಮೈತುಂಬ ಕುಳಿಗಳು ಕಾಣುತ್ತವೆ. ಒಂದೆರಡು ವಾರದಲ್ಲಿ ಮರಿ ಹೊರಬಂದು ನೇರ ಎಲೆಯ ಅಡಿಗೆ ಹೋಗುತ್ತದೆ. ಅಲ್ಲಿಂದ ಹಸಿರನ್ನಷ್ಟೇ ಕೆರೆದು ತಿನ್ನುತ್ತದೆ, ಮೇಲಿನ ತೆಳು ಪೊರೆಯನ್ನು ಹಾಗೇ ಬಿಡುತ್ತದೆ. ಎಲೆಯನ್ನು ಬೆಳಕಿಗೆ ಹಿಡಿಯಿರಿ, ಆ ಜಾಗಗಳೆಲ್ಲ ಗಾಜಿನ ಕಿಟಕಿಗಳು! ಹುಳುವಿನದು ಎಲೆಯದೇ ಹಸಿರು, ಕೆಲವಕ್ಕೆ ಮಾತ್ರ ಗುಲಾಬಿ ಗೆರೆ. ಕಾಲು, ತಲೆ ಎಲ್ಲ ಮೈಯಡಿ ಅಡಗಿರುತ್ತವೆ. ಹಾಗಾಗಿ ಕಾಣುತ್ತಿರುವುದು ಒಂದೇ ಆದರೂ ಕುಂಡದಲ್ಲಿ ಇನ್ನೂ ಇರಬಹುದು. ಒಣಗಿದ ಎಲೆ ಕಿತ್ತು ಎಸೆಯುವ ಮುಂಚೆ ಎರಡೂ ಬದಿ ನೋಡಿ. ಇದೊಂದನ್ನು ಮಗಳಿಗೆ ಮರೆಯದೆ ಹೇಳಿಕೊಡಿ.

ಕುಂಡವನ್ನು ಹೊರಗೇ, ಜೋರು ಮಳೆ ಬಡಿಯದ ಗೋಡೆ ಬದಿಗೆ ಇಡಿ. ಸೊಳ್ಳೆ ಪರದೆಯ ತುಂಡನ್ನು ಸಡಿಲವಾಗಿ ಹೊದಿಸಿದರೆ ಹಕ್ಕಿ ಕುಕ್ಕುವುದಿಲ್ಲ. ಪ್ಲಾಸ್ಟಿಕ್ ಮಾತ್ರ ಬೇಡ, ಒಳಗೆ ನೀರಾಡಿ ಬೂಷ್ಟು ಹಿಡಿಯುತ್ತದೆ. ಚಳಿಗಿಂತ ಬೂಷ್ಟಿನ ಭಯ ಜಾಸ್ತಿ. ನೀವು ಧಾರವಾಡದಲ್ಲಿರುವಾಗ ಅದಕ್ಕೆ ಯಾರೂ ಏನೂ ಹಾಕಬೇಕಾಗಿಲ್ಲ. ಮಣ್ಣು ಪೂರ್ತಿ ಒಣಗದಂತೆ ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿದರೆ ಸಾಕು. ಎಲ್ಲವೂ ಬದುಕುತ್ತವೆ ಅಂತ ಮಗಳಿಗೆ ಮಾತು ಕೊಡಬೇಡಿ. ಚಳಿಗಾಲದಲ್ಲಿ ಕೆಲವು ಸಾಯುತ್ತವೆ.

ವಸಂತದಲ್ಲಿ ಹೊಸ ಚಿಗುರಿನ ಜೊತೆ ಮೇಯಲು ಶುರುಮಾಡುತ್ತದೆ. ಆಮೇಲೆ ಒಂದು ದಿನ ಮಾಯ! ಗಾಬರಿ ಬೇಡ, ಕೋಶ ಕಟ್ಟಲು ಕೆಳಗಿನ ತರಗೆಲೆಗೆ ಇಳಿದಿರುತ್ತದೆ. ಆ ಕಂದು ಕೋಶವನ್ನು ಮುಟ್ಟದೆ ಬಿಡಿ. ಏರಿ ರೆಕ್ಕೆ ಬಿಡಿಸಲು ಒಂದೆರಡು ಒರಟು ಕಡ್ಡಿ ನೆಟ್ಟಿರಿ. ಹೊರಬರುವ ಮುನ್ನ ಕೋಶದೊಳಗೇ ರೆಕ್ಕೆಯ ಬಣ್ಣ ಕಾಣುತ್ತದೆ. ಮುಂದಿನ ರೆಕ್ಕೆ ಹೊಳೆಯುವ ತಾಮ್ರ, ಮೇಲೆ ಕಪ್ಪು ಚುಕ್ಕೆ. ಹಿಂದಿನದು ಕಂದು, ಅಂಚಿಗೆ ಕಿತ್ತಳೆ ಪಟ್ಟಿ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1761ರಲ್ಲಿ ಹೆಸರಿಟ್ಟ ಈ ಪುಟ್ಟ ಚಿಟ್ಟೆ ರೆಕ್ಕೆ ಅಗಲಿಸಿದರೂ ಮೂರು ಸೆಂಟಿಮೀಟರ್ ಆಸುಪಾಸು, ಅಷ್ಟೇ. ಆದರೆ ಗಂಡು ತನ್ನ ಬಿಸಿಲಿನ ಜಾಗಕ್ಕೆ ಬಂದ ಬೇರೆ ಚಿಟ್ಟೆಗಳನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತದೆ. ಪರದೆ ತೆಗೆದು ನಿಮ್ಮ ಹಿತ್ತಿಲಲ್ಲೇ ಬಿಟ್ಟುಬಿಡಿ.

ಈ ಚಿಟ್ಟೆ ಹಿಮಾಲಯದಲ್ಲಿದೆ, ಕರ್ನಾಟಕದಲ್ಲಿಲ್ಲ. ಆದರೆ ಅದರ ಕುಟುಂಬದವರು ಇಲ್ಲಿ ಬೇಕಾದಷ್ಟಿದ್ದಾರೆ. ಧಾರವಾಡದಲ್ಲಿ ಯಾರ ಮನೆಯಂಗಳದಲ್ಲಾದರೂ ಸೈಕಸ್ ಗಿಡದ (ನೋಡಲು ಪುಟ್ಟ ತಾಳೆಯಂತಿರುತ್ತದೆ) ಎಳೆ ಗರಿಗಳ ಮೇಲೆ ಇರುವೆ ಮುತ್ತಿದ್ದರೆ ಮಗಳನ್ನು ಕರೆದು ಹತ್ತಿರದಿಂದ ತೋರಿಸಿ. ಇದೇ ಕುಟುಂಬದ, ಇರುವೆಗಳನ್ನು ಸೆಳೆಯುವ ನೀಲಿ ಚಿಟ್ಟೆಯ ಹುಳು ಅಲ್ಲಿರಬಹುದು.